ಬಾಗಿಲು ದಾಟಿದ ಕಪಾಟು

ವಿಮಾನದ ಒಳಗಿನ ಸಾಮಾನು ಡಿಸೈನ್ ಮಾಡುವುದು ನನ್ನ ಕೆಲಸ. ಊಟ ಬಿಸಿ ಮಾಡುವ ಗ್ಯಾಲಿ, ಕೋಟು-ಬ್ಯಾಗು ಇಡುವ ಕಪಾಟು, ಟಾಯ್ಲೆಟ್ಟಿನ ಗೋಡೆ, ಇಂಥವು. ನಾವು ಬೆಂಗಳೂರಲ್ಲಿ ಕೂತು ಕಂಪ್ಯೂಟರಿನಲ್ಲಿ ಬಿಡಿಸುತ್ತೇವೆ. ಜೋಡಿಸುವವರು ಇನ್ಯಾವುದೋ ದೇಶದ ಹ್ಯಾಂಗರಿನಲ್ಲಿ, ಅಂದರೆ ವಿಮಾನ ನಿಲ್ಲಿಸುವ ಶೆಡ್ಡಿನಲ್ಲಿರುತ್ತಾರೆ. ಅವರ ಮುಖ ನಾವು ನೋಡಿರುವುದಿಲ್ಲ, ಅವರು ನಮ್ಮದನ್ನು ನೋಡಿರುವುದಿಲ್ಲ.

ಸೇರಿ ಮೂರನೇ ವರ್ಷ ಒಂದು ಕಪಾಟು ಪೂರ್ತಿ ನನ್ನ ಪಾಲಿಗೆ ಬಂತು. ಹಾರಾಡುತ್ತಿದ್ದ ಹಳೇ ವಿಮಾನಕ್ಕೆ ಹೊಸದಾಗಿ ಕೂರಿಸಬೇಕಾದ ಕಪಾಟು. ನೆಲದಿಂದ ಚಾವಣಿವರೆಗೆ ಒಂದೇ ಪೀಸು. ತೂಕ ಕಮ್ಮಿ, ಒಳಗೆ ಜಾಗ ಜಾಸ್ತಿ. ಮುಂದಕ್ಕೆ 9 ಜಿ ಎಳೆತ, ಅಂದರೆ ತನ್ನ ತೂಕದ ಒಂಬತ್ತು ಪಟ್ಟು, ತಡೆಯುತ್ತೆ ಅಂತ ಲೆಕ್ಕದಲ್ಲೂ ಪಾಸಾಯಿತು. ಬಾಗಿಲಲ್ಲಿ ಹೋಗುತ್ತಾ ಅಂತಲೂ ನೋಡಿದ್ದೆ. ಮಲಗಿಸಿದರೆ ಆರಾಮಾಗಿ ಹೋಗುತ್ತಿತ್ತು.

ಹೋಯಿತು ಕೂಡ. ಹ್ಯಾಂಗರಿನಿಂದ ವಿಡಿಯೋ ಕಾಲ್ ಬಂತು. ನಾಲ್ಕು ಜನ ಅದನ್ನು ಮಲಗಿಸಿಕೊಂಡೇ ಒಳಗೆ ತಂದಿದ್ದರು. ಆಮೇಲೆ ಎತ್ತಿ ನಿಲ್ಲಿಸಲು ಹೋದರು. ಅರ್ಧಕ್ಕಿಂತ ಸ್ವಲ್ಪ ಮೇಲೆ ಬಂದ ಕಪಾಟಿನ ಮೂಲೆ ಚಾವಣಿಗೆ ಟಕ್ ಅಂತ ತಗುಲಿ ನಿಂತುಬಿಟ್ಟಿತು. ಕೆಳಗೆ ಜಗ್ಗಿ ನೋಡಿದರು, ಓರೆ ಮಾಡಿ ನೋಡಿದರು. ಆಗಲಿಲ್ಲ. ನಿಂತಾಗಿನ ಎತ್ತರ ಅಳೆದಿದ್ದೆ. ಏಳುವಾಗ ಕರ್ಣದ ಉದ್ದ ಬೇಕಾಗುತ್ತದೆ ಅನ್ನುವುದು ಹೈಸ್ಕೂಲಿನ ಲೆಕ್ಕ. ಅದನ್ನೇ ಬಿಟ್ಟಿದ್ದೆ.

ನಮ್ಮ ಟೀಮಿನಲ್ಲಿ ಒಬ್ಬರು ಹಿರಿಯರಿದ್ದರು. ಇಪ್ಪತ್ತು ವರ್ಷ ಹ್ಯಾಂಗರಿನಲ್ಲಿ ಸ್ಪಾನರ್ ಹಿಡಿದು ಆಮೇಲೆ ಡಿಸೈನಿಗೆ ಬಂದವರು. ಸ್ಕ್ರೀನ್ ನೋಡಿ ಬೈಯಲಿಲ್ಲ. "ಮನೆ ಬದಲಾಯಿಸುವಾಗ ಬೀರು ಸಾಗಿಸಿದ್ದೀಯೇನಪ್ಪಾ?" ಅಂದರು. "ಮೂವರ್ಸ್‌ಗೆ ಹೇಳ್ತೀನಿ ಸರ್" ಅಂದೆ. "ಅದಕ್ಕೇ ಹಿಂಗಾಗಿದೆ" ಅಂದರು.

ಕಪಾಟನ್ನು ಎರಡು ತುಂಡು ಮಾಡಿದೆವು. ನಡುವೆ ಬೋಲ್ಟು, ಬ್ರಾಕೆಟ್ಟು ಬಂತು. ತೂಕ ಏರಿತು, ಲೆಕ್ಕವೆಲ್ಲ ಮೊದಲಿಂದ. ಅಷ್ಟು ದಿನ ವಿಮಾನ ನೆಲದ ಮೇಲೆ.

ಇದೆಲ್ಲ ಮತ್ತೆ ನೆನಪಾಗಿದ್ದು ಹೋದ ವರ್ಷ. ಕೆಲಸದ ಮೇಲೆ ಸಿಯಾಟಲ್‌ಗೆ ಹೋಗಿದ್ದೆ. ಭಾನುವಾರ ಅಲ್ಲಿನ ಮ್ಯೂಸಿಯಂ ಆಫ್ ಫ್ಲೈಟ್ ನೋಡಲು ಹೋದೆ. ಅಲ್ಲಿ ಬೋಯಿಂಗ್ 80ಎ ಇದೆ. ಒಂದರ ಮೇಲೊಂದು ಎರಡು ರೆಕ್ಕೆ, ಮೂರು ಎಂಜಿನ್. ಉಕ್ಕಿನ ಕೊಳವೆಗಳನ್ನು ಬೆಸುಗೆ ಹಾಕಿ ಮಾಡಿದ ಗೂಡು, ಅದರ ಮೇಲೆ ಬಟ್ಟೆ. ನನ್ನ ಕಸುಬಿನವರಿಗೆ ಅದು ಅಜ್ಜನ ಮನೆ ಇದ್ದ ಹಾಗೆ. ಅಮೆರಿಕದಲ್ಲಿ ಟಪಾಲು ಚೀಲಗಳ ಸಂದಿಯಲ್ಲಿ ಜನ ಕೂತು ಹೋಗುತ್ತಿದ್ದ ಕಾಲದಲ್ಲಿ, ಜನರಿಗೆ ಅಂತಲೇ ಮಾಡಿದ ವಿಮಾನ. ಇದರ ಮೊದಲ ಮಾದರಿ, ಬೋಯಿಂಗ್ 80, ಹಾರಿದ್ದು 1928ರ ಜುಲೈನಲ್ಲಿ. ಅದರಲ್ಲಿ 12 ಸೀಟು, ಆಮೇಲೆ ಬಂದ 80ಎಯಲ್ಲಿ 18. ಚರ್ಮದ ಸೀಟು, ಓದುವುದಕ್ಕೆ ದೀಪ, ನಲ್ಲಿಯಲ್ಲಿ ಬಿಸಿನೀರು, ತಣ್ಣೀರು.

ಎರಡು ರೆಕ್ಕೆ ಯಾಕೆ ಅಂದರೆ, ಸ್ಯಾನ್‌ಫ್ರಾನ್ಸಿಸ್ಕೋದಿಂದ ಶಿಕಾಗೋ ದಾರಿಯಲ್ಲಿ ಬೆಟ್ಟದ ಮೇಲಿನ ಸಣ್ಣ ಸಣ್ಣ ಮೈದಾನಗಳಲ್ಲಿ ಇಳಿದು ಏರಬೇಕಿತ್ತು. ರೆಕ್ಕೆ ಜಾಸ್ತಿ ಇದ್ದರೆ ನಿಧಾನಕ್ಕೆ ಇಳಿಯಬಹುದು. ಆದರೆ ರೆಕ್ಕೆಯ ಅಗಲ 80 ಅಡಿ. ದಾರಿಯುದ್ದಕ್ಕೂ ಇದ್ದ ಹ್ಯಾಂಗರುಗಳು ಹಳೇವು, ಅಷ್ಟು ಅಗಲ ಇರಲಿಲ್ಲ. ಅದಕ್ಕೆ ಬೋಯಿಂಗಿನವರು ರೆಕ್ಕೆಯ ತುದಿಗಳನ್ನು ಮರದಲ್ಲಿ ಮಾಡಿ ಬಿಚ್ಚಿಡುವ ಹಾಗೆ ಇಟ್ಟರು. ತುದಿ ಬಿಚ್ಚು, ಒಳಗೆ ತಳ್ಳು. ಇದನ್ನು ಓದಿ ನನಗೆ ನಗು ಬಂತು, ಹೊಟ್ಟೆಕಿಚ್ಚೂ ಆಯಿತು. ಅವರು ಮೊದಲೇ ಮಾಡಿದ್ದನ್ನು ನಾನು ವಿಡಿಯೋ ಕಾಲ್ ಬಂದ ಮೇಲೆ ಮಾಡಿದ್ದೆ.

ಹಾಗಂತ ಬಳಸುವವರು ಕೇಳಿದ್ದೆಲ್ಲ ಸರಿ ಅಂತಲೂ ಅಲ್ಲ. ಆಗಿನ ಪೈಲಟ್‌ಗಳಿಗೆ ಮುಖಕ್ಕೆ ಗಾಳಿ ಹೊಡೆಯುತ್ತಿರಬೇಕು, ಮುಚ್ಚಿದ ಕಾಕ್‌ಪಿಟ್ ಕೆಲವರಿಗೆ ಸೇರಲಿಲ್ಲ. ಅವರ ಮಾತಿಗೆ 80ಬಿ ಅಂತ ತೆರೆದ ಕಾಕ್‌ಪಿಟ್ಟಿನದು ಒಂದನ್ನು ಮಾಡಿದರು. ಒಂದೇ ಒಂದು. ಆಮೇಲೆ ಅದನ್ನೂ ಮುಚ್ಚಿದರು.

ನಾನು ಜಾಸ್ತಿ ಹೊತ್ತು ನಿಂತಿದ್ದು ಸೀಟುಗಳ ಹತ್ತಿರ. 1930ರ ಮೇ 15ರಂದು ಇಂಥದೇ ವಿಮಾನದಲ್ಲಿ ಎಲೆನ್ ಚರ್ಚ್ ಅನ್ನುವ ನರ್ಸ್ ಕೆಲಸಕ್ಕೆ ಹತ್ತಿದರು. ಪೈಲಟ್ ಲೈಸೆನ್ಸ್ ಇದ್ದ ಹೆಣ್ಣುಮಗಳು. ಆ ಕಾಲದಲ್ಲಿ ಪೈಲಟ್ ಕೆಲಸ ಕೊಡುವವರಿರಲಿಲ್ಲ. ಪ್ರಯಾಣಿಕರನ್ನು ನೋಡಿಕೊಳ್ಳಲು ನರ್ಸ್‌ಗಳನ್ನು ಇಟ್ಟುಕೊಳ್ಳಿ ಅಂತ ಅವರೇ ಹೇಳಿ, ಮೊದಲ ಎಂಟು ಜನರಲ್ಲಿ ಒಬ್ಬರಾದರು. ಓಕ್ಲೆಂಡಿನಿಂದ ಶಿಕಾಗೋಗೆ 20 ಗಂಟೆ, ದಾರಿಯಲ್ಲಿ 13 ಕಡೆ ನಿಲುಗಡೆ. ಬಸ್ಸೇ ವಾಸಿ ಅನ್ನಿಸುತ್ತೆ ಅಲ್ವಾ! ಊಟ ಕೊಡುವುದು, ವಾಂತಿ ಮಾಡಿಕೊಂಡವರನ್ನು ನೋಡಿಕೊಳ್ಳುವುದು ಸರಿ. ಅದರ ಜೊತೆಗೆ ಸಡಿಲಾದ ಸೀಟಿನ ಬೋಲ್ಟು ಬಿಗಿ ಮಾಡುವುದೂ ಅವರ ಕೆಲಸ. ಟಾಯ್ಲೆಟ್ಟಿಗೆ ಎದ್ದವರು ಅಪ್ಪಿತಪ್ಪಿ ಹೊರಬಾಗಿಲು ತೆಗೆಯದ ಹಾಗೆ ಕಾಯುವುದೂ ಅವರದೇ.

ಇದನ್ನು ಎಷ್ಟೋ ಕಡೆ ತಮಾಷೆಯಾಗಿ ಹೇಳುತ್ತಾರೆ. ನನಗೆ ಹಾಗೆ ಕಾಣಲಿಲ್ಲ. ಒಂದು ಬಾಗಿಲು ಅಂತ ಇನ್ನೊಂದನ್ನು ತೆಗೆಯುವ ಹಾಗೆ ಇಟ್ಟವರು ನಮ್ಮಂಥವರು. ಬೋಲ್ಟು ಸಡಿಲಾಗುವ ಹಾಗೆ ಮಾಡಿದವರೂ ನಮ್ಮಂಥವರೇ. ಅದನ್ನು ದಿನಾ ಸರಿದೂಗಿಸುತ್ತಿದ್ದವರು ನರ್ಸ್‌ಗಳು. ಈಗಲೂ ಒಂದು ಲಾಚು ಸರಿಯಾಗಿ ಕೂರದಿದ್ದರೆ ಕ್ಯಾಬಿನ್ ಸಿಬ್ಬಂದಿ ಸುಮ್ನೆ ಅಂಗೈಯಲ್ಲಿ ಒಂದೇಟು ಹಾಕಿ ಮುಚ್ಚುತ್ತಾರೆ. ನಮ್ಮವರೆಗೆ ಆ ದೂರು ಬರುವುದೇ ಇಲ್ಲ.

1933ರಲ್ಲಿ ಒಂದೇ ಜೊತೆ ರೆಕ್ಕೆಯ, ಪೂರ್ತಿ ಲೋಹದ ಬೋಯಿಂಗ್ 247 ಬಂತು. ಬೋಯಿಂಗ್ 80ರ ಕಾಲ ಮುಗಿಯಿತು. ಈ ಮ್ಯೂಸಿಯಂನದು ಅಲಾಸ್ಕಾಗೆ ಹೋಗಿ ಸಾಮಾನು ಹೊತ್ತಿತು. ದೊಡ್ಡ ದೊಡ್ಡ ಯಂತ್ರ ಆ ಬಾಗಿಲಲ್ಲಿ ಹೋಗುತ್ತಿರಲಿಲ್ಲ, ಅದಕ್ಕೆ ಅಲ್ಲಿಯವರು ಪಕ್ಕೆ ಕೊಯ್ದು ದೊಡ್ಡ ಬಾಗಿಲು ಇಟ್ಟರು. ಕೊನೆಗೆ ಗುಜರಿಯಲ್ಲಿ ಬಿದ್ದಿತ್ತು. 1960ರಲ್ಲಿ ಎತ್ತಿ ತಂದರು.

ರೆಕ್ಕೆ ತುದಿಯ ಫೋಟೋ ತೆಗೆದು ನಮ್ಮ ಹಿರಿಯರಿಗೆ ಕಳಿಸಿದೆ. ಈಗ ರಿಟೈರ್ ಆಗಿ ಮೈಸೂರಿನಲ್ಲಿದ್ದಾರೆ. ಹ್ಯಾಂಗರಿನ ಕಥೆಯನ್ನೂ ಉದ್ದಕ್ಕೆ ಬರೆದೆ. ಉತ್ತರ ಬಂತು: "ಬಿಚ್ಚೋಕೆ ಕೈ ಎಲ್ಲಿಂದ ಹಾಕ್ತಾರೆ?"

ವಾಪಸ್ ಹೋಗಿ ನೋಡಿದೆ. ಮೇಲಿನ ರೆಕ್ಕೆ ನನ್ನ ತಲೆಗಿಂತ ಎಷ್ಟೋ ಎತ್ತರದಲ್ಲಿತ್ತು. ಕೆಳಗಿಂದ ಕಾಣಲ್ಲ ಸರ್ ಅಂತ ಬರೆದೆ.

"ಏಣಿ ಕೇಳು" ಅಂದರು.