ಕ್ವೆರಿ ಟೆಸ್ಟ್ ಮಾಡೋದಕ್ಕೆ ನಿಜವಾದ ಡೇಟಾಬೇಸೇ ಬೇಕಾ?

ತಂಡಕ್ಕೆ ಹೊಸದಾಗಿ ಸೇರಿದವರು ಮೊದಲ ವಾರದಲ್ಲೇ ಕೇಳುವ ಪ್ರಶ್ನೆ ಇದು: "ಯುನಿಟ್ ಟೆಸ್ಟ್ ಅಂದ್ಮೇಲೆ ಡೇಟಾಬೇಸನ್ನು ಮಾಕ್ ಮಾಡಬೇಕು, ಅಲ್ವಾ ಸರ್?"

ಮಾಕ್ ಅಂದರೆ ನಿಜವಾದದ್ದರ ಬದಲು ಇಡುವ ನಕಲಿ. ಬೇರೆ ಕೋಡಿಗೆ ಮಾಡಿ, ಬೇಡ ಅನ್ನೋಲ್ಲ. ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ) ಇರುವ ಕೋಡಿಗೆ ಮಾತ್ರ ಬೇಡ. ಸಾರ್ಟ್ ಮಾಡುವ 'ಆರ್ಡರ್ ಬೈ' ಕರೆದರಾ ಅಂತ ಕೇಳಿದರೆ ಮಾಕ್ ಹ್ಞೂಂ ಅನ್ನುತ್ತದೆ. ಡೇಟಾಬೇಸ್ ಏನು ವಾಪಸ್ ಕೊಡುತ್ತದೆ ಅನ್ನೋದು ಅದಕ್ಕೆ ಗೊತ್ತಿಲ್ಲ. ಕನ್ನಡಿಯೊಳಗಿನ ಗಂಟು ಅದು.

ಇನ್ನೂ ಒಂದು ಮಾತು. ಸರ್ವರಿನಲ್ಲಿ ಯಾವ ಡೇಟಾಬೇಸ್ ಇದೆಯೋ ಟೆಸ್ಟಿಗೂ ಅದೇ ಬೇಕು. ಇದನ್ನು ನಾನು ಪೆಟ್ಟು ತಿಂದು ಕಲಿತೆ.

ಪೈಥಾನಿನ ವೆಬ್ ಫ್ರೇಮ್‌ವರ್ಕ್ ಜ್ಯಾಂಗೋದಲ್ಲಿ ಬರೆದ ಒಂದು ಆ್ಯಪ್. ಅಡ್ಮಿನ್ ಪುಟಕ್ಕೆ 'ಇತ್ತೀಚೆಗೆ ಲಾಗಿನ್ ಆದ 10 ಮಂದಿ' ಪಟ್ಟಿ ಬೇಕಿತ್ತು. ಲಾಸ್ಟ್ ಲಾಗಿನ್ ಮೇಲೆ ಇಳಿಕೆ ಕ್ರಮದಲ್ಲಿ ಸಾರ್ಟ್ ಮಾಡಿ ಮೊದಲ 10 ತೆಗೆದೆ. ಒಂದೇ ಸಾಲಿನ ಕೋಡ್. ಟೆಸ್ಟಿನಲ್ಲಿ ಒಮ್ಮೆಯೂ ಲಾಗಿನ್ ಆಗದ ಒಬ್ಬನನ್ನೂ ಇಟ್ಟಿದ್ದೆ. ಹೆಸರು ಬಾರದಪ್ಪ. ಪಟ್ಟಿಯ ಕೊನೆಯಲ್ಲಿ ಸುಮ್ನೆ ಕೂತಿದ್ದ. ಟೆಸ್ಟ್ ಪಾಸ್.

ಸರ್ವರಿಗೆ ಹಾಕಿ ನೋಡಿದರೆ 10 ಮಂದಿಯೂ ಬಾರದಪ್ಪಗಳೇ!

ಲಾಗಿನ್ ಆಗದವರ ಆ ಕಾಲಂ ನಲ್ (ಬೆಲೆಯೇ ಇಲ್ಲದ ಖಾಲಿ) ಆಗಿರುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿದ್ದದ್ದು ಎಸ್‌ಕ್ಯೂಲೈಟ್ ಅನ್ನೋ ಪುಟ್ಟ ಡೇಟಾಬೇಸ್. ಅದು ನಲ್ ಅನ್ನು ಎಲ್ಲಕ್ಕಿಂತ ಚಿಕ್ಕದು ಅಂತ ಲೆಕ್ಕ ಹಾಕುತ್ತದೆ. ಸರ್ವರಿನಲ್ಲಿದ್ದದ್ದು ಪೋಸ್ಟ್‌ಗ್ರೆಸ್ ಅನ್ನೋ ಇನ್ನೊಂದು ಡೇಟಾಬೇಸ್. ಅದಕ್ಕೆ ನಲ್ ಎಲ್ಲಕ್ಕಿಂತ ದೊಡ್ಡದು, ಇಳಿಕೆ ಕ್ರಮದಲ್ಲಿ ಮೊದಲು ಬಂದು ಕೂರುತ್ತದೆ. ಸಾರ್ಟ್ ಮಾಡುವಾಗ 'ನಲ್ಸ್ ಲಾಸ್ಟ್' ಅಂತ ಹೇಳಿದರೆ ಮುಗೀತು. ಜ್ಯಾಂಗೋ 1.11ರಿಂದಲೇ ಆ ಸೌಲಭ್ಯ ಇದೆ.

ಎಸ್‌ಕ್ಯೂಲೈಟ್ ಇನ್ನೂ ಕೆಲವು ಕಡೆ ತುಂಬಾ ಉದಾರಿ. 20 ಅಕ್ಷರದ ಕಾಲಂಗೆ 50 ಅಕ್ಷರ ತುರುಕಿದರೂ ಸುಮ್ಮನಿರುತ್ತದೆ, ಪೋಸ್ಟ್‌ಗ್ರೆಸ್ ಎರರ್ ಕೊಡುತ್ತದೆ. ಜ್ಯಾಂಗೋದ 'ಕಂಟೇನ್ಸ್' ಹುಡುಕಾಟ ಎಸ್‌ಕ್ಯೂಲೈಟಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರದ ಭೇದ ನೋಡೋದಿಲ್ಲ. ಸಾಲನ್ನು ಲಾಕ್ ಮಾಡುವ 'ಸೆಲೆಕ್ಟ್ ಫಾರ್ ಅಪ್‌ಡೇಟ್' ಬರೆದರೂ ಅಲ್ಲಿ ಲಾಕ್ ಬೀಳೋದಿಲ್ಲ.

"ನಿಧಾನ ಆಗಲ್ವಾ?" ಅಂತ ಮುಂದಿನ ಪ್ರಶ್ನೆ. ಸ್ವಲ್ಪ ಆಗುತ್ತದೆ, ಅಂದುಕೊಂಡಷ್ಟಲ್ಲ. ಜ್ಯಾಂಗೋದ ಟೆಸ್ಟ್‌ಕೇಸ್ ಪ್ರತಿ ಟೆಸ್ಟನ್ನೂ ಒಂದು ಟ್ರಾನ್ಸಾಕ್ಷನ್ ಒಳಗೆ ಓಡಿಸಿ, ಮುಗಿದ ಕೂಡಲೇ ರೋಲ್‌ಬ್ಯಾಕ್ ಮಾಡುತ್ತದೆ, ಅಂದರೆ ಆದ ಬದಲಾವಣೆಯನ್ನೆಲ್ಲ ರದ್ದು ಮಾಡುತ್ತದೆ. ಟೇಬಲ್ ಅಳಿಸಿ ತೊಳೆಯುವ ಕೆಲಸ ಇಲ್ಲ. ಎಲ್ಲ ಟೆಸ್ಟಿಗೂ ಬೇಕಾದ ಡೇಟಾವನ್ನು 'ಸೆಟಪ್ ಟೆಸ್ಟ್ ಡೇಟಾ'ದಲ್ಲಿ ಇಟ್ಟರೆ ಕ್ಲಾಸಿಗೆ ಒಂದೇ ಸಲ ತುಂಬಿದರೆ ಸಾಕು. ಟೆಸ್ಟ್ ಓಡಿಸುವಾಗ 'ಕೀಪ್‌ಡಿಬಿ' ಆಯ್ಕೆ ಹಾಕಿದರೆ ಟೆಸ್ಟ್ ಡೇಟಾಬೇಸನ್ನು ಪ್ರತಿ ಸಲ ಹೊಸದಾಗಿ ಕಟ್ಟುವುದೂ ತಪ್ಪುತ್ತದೆ.

ಅಂದಹಾಗೆ, ಉತ್ತರ ಸರಿ ಬಂದರೂ ಎಷ್ಟು ಕ್ವೆರಿ ಓಡಿತು ಅಂತ 'ಅಸರ್ಟ್ ನಮ್ ಕ್ವೆರೀಸ್' ಹಾಕಿ ನೋಡಿ. ಡೇಟಾ 2 ಸಾಲಿದ್ದಾಗ 3 ಕ್ವೆರಿ, 5 ಸಾಲಾದಾಗ 6 ಆಯ್ತು ಅಂದರೆ ಎಲ್ಲೋ ಲೂಪಿನೊಳಗೆ ಕ್ವೆರಿ ಓಡುತ್ತಿದೆ ಅಂತಲೇ.

ಬಾರದಪ್ಪ ಈಗಲೂ ನಮ್ಮ ಟೆಸ್ಟಿನಲ್ಲಿದ್ದಾನೆ. ಈಗ ಪೋಸ್ಟ್‌ಗ್ರೆಸ್ ಮೇಲೆ, ಪಟ್ಟಿಯ ಕೊನೆಯಲ್ಲಿ.