ಕಾರ್ಡಿನಲ್ಲಿ ಉಳಿದ ಲೀರಾ

ಪ್ರವಾಸದ ಕೊನೆಯ ದಿನ ಅಂದರೆ ಲೆಕ್ಕದ ದಿನ. ಸೂಟ್‌ಕೇಸಿಗೆ ಇನ್ನೆಷ್ಟು ಕೇಜಿ ತುಂಬಬಹುದು, ವಿಮಾನಕ್ಕೆ ಇನ್ನೆಷ್ಟು ಹೊತ್ತಿದೆ, ಪರ್ಸಿನಲ್ಲಿ ಎಷ್ಟು ಉಳಿದಿದೆ. ಇಸ್ತಾಂಬುಲ್‌ನಲ್ಲಿ ನಮ್ಮ ಕೊನೆಯ ದಿನ ಭಾನುವಾರ ಬಿತ್ತು. ಗ್ರ್ಯಾಂಡ್ ಬಜಾರ್‌ಗೆ ಭಾನುವಾರ ರಜಾ. ಸಾವಿರಾರು ಅಂಗಡಿಗಳಿರುವ ಬಜಾರು, ಐನೂರು ವರ್ಷ ದಾಟಿದ್ದು, ಬಾಗಿಲು ಹಾಕಿಕೊಂಡು ಕೂತಿರುತ್ತದೆ. ಶಾಪಿಂಗನ್ನೆಲ್ಲ ಕೊನೆಗೆ ಅಂತ ಎತ್ತಿಟ್ಟಿದ್ದ ನನ್ನ ಅಕ್ಕನ ಮುಖ ನೋಡಬೇಕಿತ್ತು. ನನಗೆ ಒಳಗೊಳಗೇ ಖುಷಿ. ಕೊನೆಯ ದಿನ ಚೌಕಾಸಿ ಮಾಡುತ್ತಾ ಕಳೆಯುವುದು ನನ್ನ ಕೈಲಾಗದ ಕೆಲಸ.

ರೂಮು ಖಾಲಿ ಮಾಡಿ, ಸಾಮಾನನ್ನು ಸಿರ್ಕೆಜಿಯ ಹೋಟೆಲಿನಲ್ಲೇ ಬಿಟ್ಟೆವು. ವಿಮಾನ ರಾತ್ರಿಗೆ. ಇಬ್ಬರ ಹತ್ತಿರವೂ ಒಂದೊಂದು ಇಸ್ತಾಂಬುಲ್ ಕಾರ್ಡ್ ಇತ್ತು. ಟ್ರಾಮು, ಮೆಟ್ರೊ, ಬಸ್ಸು, ದೋಣಿ ಎಲ್ಲಕ್ಕೂ ಇದೊಂದೇ ಕಾರ್ಡು. ಕೆಲವು ಸಾರ್ವಜನಿಕ ಶೌಚಾಲಯಗಳಲ್ಲೂ ನಡೆಯುತ್ತದೆ. ಅಕ್ಕ ಮಷೀನಿಗೆ ಕಾರ್ಡು ಒತ್ತಿ ನೋಡಿದಳು. ಸಾಕಷ್ಟು ಲೀರಾ ಉಳಿದಿತ್ತು.

"ಇದನ್ನ ವಾಪಸ್ ತಗೊಳ್ಳೋಕೆ ಆಗಲ್ವೇನೇ?"

"ಇವತ್ತು ಅದಕ್ಕೆಲ್ಲಿ ಓಡಾಡೋದು ಅಕ್ಕ. ಬಿಡು."

"ಬಿಡು ಅಂದ್ರೆ? ದುಡ್ಡು ಕಣೇ ಅದು. ನಡಿ, ಖರ್ಚು ಮಾಡೋಣ."

ಇಡೀ ದಿನದ ಪ್ಲಾನು ಅಷ್ಟೇ. ಕಾರ್ಡು ಖಾಲಿಯಾಗುವವರೆಗೆ ಓಡಾಡುವುದು. ನನ್ನನ್ನು ಕೇಳಿದರೆ ಇದಕ್ಕಿಂತ ಒಳ್ಳೆಯ ಪ್ಲಾನು ಯಾವ ಗೈಡೂ ಕೊಡುವುದಿಲ್ಲ. ನೋಡಲೇಬೇಕಾದ್ದನ್ನೆಲ್ಲ ಆಗಲೇ ನೋಡಿ ಮುಗಿಸಿದ್ದೆವು. ಹಾಗಿಯಾ ಸೋಫಿಯಾಗೆ 2024ರಿಂದ ವಿದೇಶಿ ಪ್ರವಾಸಿಗರಿಗೆ 25 ಯೂರೋ ಟಿಕೆಟ್, ಅದೂ ಮೇಲಿನ ಗ್ಯಾಲರಿಗೆ ಮಾತ್ರ. 537ರಲ್ಲಿ ಕಟ್ಟಿ ಮುಗಿಸಿದ ಕಟ್ಟಡ, ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆದರೆ ಅಲ್ಲಿ ಮುಂದಿನವರ ಫೋನು ನೋಡಿದ್ದೇ ಜಾಸ್ತಿ.

ಸಿರ್ಕೆಜಿ ರೈಲು ನಿಲ್ದಾಣದ ಮುಂದೆಯೇ ನಡೆದು ಹೋದೆವು. ಪ್ಯಾರಿಸ್‌ನಿಂದ ಹೊರಟ ಓರಿಯಂಟ್ ಎಕ್ಸ್‌ಪ್ರೆಸ್ ಬಂದು ನಿಲ್ಲುತ್ತಿದ್ದ ಜಾಗ. ಈಗಿರುವ ಕಟ್ಟಡ 1890ರದ್ದು. ಗುಲಾಬಿ ಬಣ್ಣದ ಗೋಡೆ, ದುಂಡನೆಯ ಬಣ್ಣದ ಗಾಜಿನ ಕಿಟಕಿಗಳು. ಅಲ್ಲಿಂದ ಸ್ವಲ್ಪ ನಡೆದರೆ ಎಮಿನೋನು ದಡ. ಮೀನು ಸುಡುವ ಹೊಗೆ, ಸಿಮಿತ್ ಮಾರುವ ಗಾಡಿಗಳು, ಎಲ್ಲ ದೋಣಿಗಳೂ ಒಟ್ಟಿಗೇ ಹಾರ್ನ್ ಹೊಡೆದಂಥ ಸದ್ದು. ಎರಡು ಸಿಮಿತ್ ತಗೊಂಡೆವು. ಬಳೆಯ ಹಾಗೆ ದುಂಡಗೆ, ಮೈತುಂಬ ಎಳ್ಳು ಮೆತ್ತಿಕೊಂಡ ಬ್ರೆಡ್ಡು. ಬಿಸಿ ಇದ್ದಾಗ ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಆರಿದರೆ ಹಲ್ಲಿಗೆ ಕೆಲಸ. ಮೊಟ್ಟೆಯನ್ನೂ ಮುಟ್ಟದ ಅಕ್ಕ ಈ ಊರಿನಲ್ಲಿ ಬದುಕಿ ಉಳಿದದ್ದೇ ಸಿಮಿತ್ ಮತ್ತು ಬೇಳೆ ಸೂಪಿನಿಂದ.

ಎದುರಿಗೆ ಏಷ್ಯಾದ ದಡದಲ್ಲಿರುವ ಕಾಡಿಕೊಯ್‌ಗೆ ಹೋಗುವ ದೋಣಿ ಹತ್ತಿದೆವು. ದೋಣಿ ಅಂದೆನಲ್ಲ, ಅದು ನೂರಾರು ಜನ ಕೂರುವ ಎರಡು ಅಂತಸ್ತಿನ ಸಣ್ಣ ಹಡಗು. ಊರಿನವರಿಗೆ ಇದು ನಮ್ಮ ಸಿಟಿ ಬಸ್ ಇದ್ದಂತೆ. ಪ್ರವಾಸಿಗರಿಗೆ ಬೇರೆಯೇ ದೋಣಿಗಳಿವೆ. ಮೈಕು, ಹಾಡು, ಜ್ಯೂಸು, ಜಾಸ್ತಿ ದುಡ್ಡು. ಅವು ತೋರಿಸುವುದೂ ಇದೇ ನೀರನ್ನು. ಸುಮ್ನೆ ಅಲ್ಲಿ ದುಡ್ಡು ಹಾಕಬೇಡಿ ಅಂತ ಹೋಗುವವರಿಗೆಲ್ಲ ಹೇಳುತ್ತಿದ್ದೇನೆ.

ಮೇಲಿನ ಅಂತಸ್ತಿನಲ್ಲಿ, ಹೊರಗಡೆ ಬೆಂಚಿನ ಮೇಲೆ ಕೂತೆವು. ಹಡಗು ದಡ ಬಿಡುವುದಕ್ಕೂ ಚಹಾದವನು ತಟ್ಟೆ ಹಿಡಿದು ಬರುವುದಕ್ಕೂ ಸರಿಹೋಯಿತು. ನಡು ಸಣ್ಣಗಿರುವ ಪುಟ್ಟ ಗಾಜಿನ ಲೋಟ, ಕೆಳಗೆ ಸಾಸರು, ಪಕ್ಕದಲ್ಲಿ ಎರಡು ಸಕ್ಕರೆ ಗಟ್ಟಿ. ಹಾಲಿಲ್ಲ. ಲೋಟಕ್ಕೆ ಹಿಡಿಯೂ ಇಲ್ಲ. ಅಂಚನ್ನು ಎರಡು ಬೆರಳಲ್ಲಿ ಹಿಡಿಯಬೇಕು. ಹಡಗು ಓಲಾಡಿದರೂ ಆ ಮನುಷ್ಯನ ತಟ್ಟೆಯಲ್ಲಿ ಒಂದು ಹನಿ ಚೆಲ್ಲಲಿಲ್ಲ. ಜನರ ಕಾಲು ದಾಟಿಕೊಂಡು, ಚೀಲ ದಾಟಿಕೊಂಡು, ಯಾರ ಲೋಟ ಖಾಲಿ ಅಂತ ಕಣ್ಣಲ್ಲೇ ನೋಡಿಕೊಂಡು ಸಾಗಿದ. ಹಿಂದೆ ಕಡಲಹಕ್ಕಿಗಳ ಹಿಂಡು. ಒಂದು ಹುಡುಗಿ ಸಿಮಿತ್ ಚೂರು ಮೇಲಕ್ಕೆ ಎಸೆದಳು, ಒಂದು ಹಕ್ಕಿ ಗಾಳಿಯಲ್ಲೇ ಕಚ್ಚಿತು. ಇನ್ನೊಂದು ಹಕ್ಕಿ ಅಕ್ಕನ ಕೈಯಲ್ಲಿದ್ದ ಸಿಮಿತ್ತಿಗೇ ಗುರಿಯಿಟ್ಟಿತು. ಅವಳು ಅದನ್ನು ಶಾಲಿನೊಳಗೆ ಮುಚ್ಚಿಟ್ಟುಕೊಂಡು ತಿಂದಳು.

ಹಡಗು ದೂರ ಹೋದ ಹಾಗೆ ಹಳೆಯ ಊರು ಪೂರ್ತಿ ಕಣ್ಣಿಗೆ ಬರುತ್ತದೆ. ಟೋಪ್‌ಕಾಪಿ ಅರಮನೆಯ ಮರಗಳು, ಗುಮ್ಮಟಗಳು, ಮಿನಾರುಗಳು. ಮೂರು ಕಡೆ ನೀರು, ಒಂದೇ ಕಡೆ ನೆಲ. ಹಡಗುಗಳು ಅಡಗಿ ಕೂರಲು ಬಂದರಾಗಿ ಗೋಲ್ಡನ್ ಹಾರ್ನ್ ಅನ್ನುವ ಕೊಲ್ಲಿ. ಹಳೆಯ ಕಾಲದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಒಂದು ಕಥೆ ಬರೆದಿಟ್ಟಿದ್ದಾನೆ. ಗ್ರೀಕರು ಮೊದಲು ಊರು ಕಟ್ಟಿದ್ದು ಎದುರು ದಡದಲ್ಲಿ, ಕ್ಯಾಲ್ಸಿಡಾನ್ ಅಂತ. ಅದೇ ಇವತ್ತಿನ ಕಾಡಿಕೊಯ್. 17 ವರ್ಷ ಆದಮೇಲೆ ಈಚೆ ಬಂದು ಬೈಜಾಂಟಿಯಂ ಕಟ್ಟಿದರು. ಪರ್ಷಿಯಾದ ಸೇನಾಪತಿಯೊಬ್ಬ ಇದನ್ನು ಕೇಳಿ, ಎದುರಿಗೆ ಇಂಥ ಜಾಗ ಇಟ್ಟುಕೊಂಡು ಅಲ್ಲಿ ಊರು ಕಟ್ಟಿದವರು ಕುರುಡರೇ ಇರಬೇಕು ಅಂದನಂತೆ. ಹಡಗಿನಿಂದ ನೋಡಿದರೆ ಅವನು ಹೇಳಿದ್ದು ಸರಿ ಅನ್ನಿಸುತ್ತದೆ. ಆದರೆ ಸೈಟು ಕೊಳ್ಳುವವರು ಗಮನಿಸಬೇಕು, ನೋಟ ಚೆನ್ನಾಗಿರುವುದು ಕುರುಡರ ದಡದಿಂದಲೇ!

ಕಾಡಿಕೊಯ್ ಹತ್ತಿರ ಬರುವಾಗ ಎಡಗಡೆ ನೀರಿನ ಅಂಚಿಗೇ ಎದ್ದುನಿಂತ ದೊಡ್ಡ ಕಲ್ಲಿನ ಕಟ್ಟಡ ಹೈದರ್‌ಪಾಶಾ ನಿಲ್ದಾಣ. ಜರ್ಮನ್ ವಾಸ್ತುಶಿಲ್ಪಿಗಳು ಕಟ್ಟಿದ್ದು, 1908ರ ಹೊತ್ತಿನದು. ಬಾಗ್ದಾದಿನ ಕಡೆ ಹೊರಟ ರೈಲು ದಾರಿಯ ತುದಿ ಇದು. 2010ರಲ್ಲಿ ಚಾವಣಿಗೆ ಬೆಂಕಿ ಬಿತ್ತು, 2013ರಲ್ಲಿ ರೈಲು ನಿಂತಿತು. ಬಾಗ್ದಾದ್ ಅಂದ ತಕ್ಷಣ ನನಗೆ ನಮ್ಮೂರಿನವರು ನೆನಪಾದರು. 1786ರಲ್ಲಿ ಟಿಪ್ಪು ಸುಲ್ತಾನ್ ಗುಲಾಮ್ ಅಲಿ ಖಾನ್ ಅನ್ನುವವನ ಮುಂದಾಳತ್ವದಲ್ಲಿ ಆಟೊಮನ್ ಸುಲ್ತಾನನ ಬಳಿಗೆ ದೊಡ್ಡ ನಿಯೋಗವನ್ನೇ ಕಳಿಸಿದ್ದ. ನೂರಾರು ಜನ ಹಡಗು ಹತ್ತಿ, ಬಸ್ರಾ ಮುಟ್ಟಿ, ಬಾಗ್ದಾದ್ ದಾಟಿ 1787ರಲ್ಲಿ ಈ ಊರಿಗೆ ಬಂದರು. ಇಂಗ್ಲಿಷರ ವಿರುದ್ಧ ಸಹಾಯ ಬೇಕಿತ್ತು. ಅದೇ ವರ್ಷ ಆಟೊಮನ್ನರಿಗೂ ರಷ್ಯಾಕ್ಕೂ ಯುದ್ಧ ಹತ್ತಿಕೊಂಡಿತ್ತು. ಮರ್ಯಾದೆ ಸಿಕ್ಕಿತು, ಸೈನ್ಯ ಸಿಗಲಿಲ್ಲ. ಹೊರಟವರಲ್ಲಿ ಬಹಳ ಜನ ಕಾಯಿಲೆ ಕಸಾಲೆಗೆ ದಾರಿಯಲ್ಲೇ ತೀರಿಕೊಂಡರು.

ಇದನ್ನೆಲ್ಲ ಹೇಳಿದರೆ ಅಕ್ಕ ಕೇಳಿದ್ದು ಒಂದೇ ಮಾತು. "ಅಷ್ಟು ಜನಕ್ಕೆ ಊಟಕ್ಕೇನು ಮಾಡಿದ್ರೋ!"

ಊಟಕ್ಕೆ ಕಾಡಿಕೊಯ್ ಸಂತೆಯೇ ಸರಿ. ದಡದಿಂದ ಐದು ನಿಮಿಷ ನಡೆದರೆ ಸಣ್ಣ ಸಣ್ಣ ಗಲ್ಲಿಗಳು. ಆಲಿವ್ ಗುಡ್ಡೆಗಳು, ಚೀಸ್ ಗಾಲಿಗಳು, ಕಾಫಿ ಹುರಿಯುವ ವಾಸನೆ, ಐಸಿನ ಮೇಲೆ ಕಿವಿರು ಹೊರಳಿಸಿಟ್ಟ ಮೀನು. ಭಾನುವಾರವಾದ್ದರಿಂದ ಊರಿಗೆ ಊರೇ ಅಲ್ಲಿತ್ತು. ಬೆಕ್ಕುಗಳಂತೂ ಕೇಳಲೇಬೇಡಿ. ಒಂದು ಅಂಗಡಿಯಲ್ಲಿ ಗಿರಾಕಿಗಿಟ್ಟ ಕುರ್ಚಿಯ ಮೇಲೆ ಬೆಕ್ಕು ಮಲಗಿತ್ತು, ಗಿರಾಕಿ ನಿಂತಿದ್ದ. ಇದೇ ಕಾಡಿಕೊಯ್‌ನಲ್ಲಿ ಫುಟ್‌ಪಾತಿನ ಮೆಟ್ಟಿಲಿಗೆ ಮೊಣಕೈ ಊರಿ ಕೂರುತ್ತಿದ್ದ ತೊಂಬಿಲಿ ಅನ್ನುವ ದಪ್ಪ ಬೆಕ್ಕಿಗೆ 2016ರಲ್ಲಿ ಕಂಚಿನ ಪ್ರತಿಮೆಯನ್ನೇ ಮಾಡಿ ಕೂರಿಸಿದ್ದಾರೆ.

ನನ್ನನ್ನು ಕಟ್ಟಿಹಾಕಿದ್ದು ಉಪ್ಪಿನಕಾಯಿ ಅಂಗಡಿ. ನೆಲದಿಂದ ಚಾವಣಿವರೆಗೆ ಗಾಜಿನ ಭರಣಿಗಳು. ಎಲೆಕೋಸು, ಸೌತೆ, ಬೀಟ್‌ರೂಟು, ಬೆಳ್ಳುಳ್ಳಿ, ಹಸಿ ಟೊಮ್ಯಾಟೊ, ಎಲ್ಲವೂ ಉಪ್ಪುನೀರಿನಲ್ಲಿ ಮುಳುಗಿ ನಿಂತಿವೆ. ಎಣ್ಣೆ ಇಲ್ಲ, ಸಾಸಿವೆ ಇಲ್ಲ, ಇಂಗಿನ ಮಾತೇ ಇಲ್ಲ. ಇಲ್ಲಿಯವರು ಉಪ್ಪಿನಕಾಯಿಯ ನೀರನ್ನೇ ಲೋಟಕ್ಕೆ ಬಸಿದು ಕುಡಿಯುತ್ತಾರೆ. ಅಂಗಡಿಯಾತ ಕೆಂಪು ನೀರು ತುಂಬಿ, ಮೇಲೆ ಎರಡು ಚೂರು ಕೋಸು ತೇಲಿಬಿಟ್ಟು ಮುಂದಕ್ಕೆ ಇಟ್ಟ. ಮೊದಲ ಗುಟುಕಿಗೆ ಹುಳಿ ಕಿವಿವರೆಗೆ ಹತ್ತಿತು. ಆಮೇಲೆ ಉಪ್ಪು, ಅದರ ಹಿಂದೆ ಬೆಳ್ಳುಳ್ಳಿ. ಬಿಸಿಲಲ್ಲಿ ತಿರುಗಿ ಬಂದವರಿಗೆ ಅಮೃತ. ಅಕ್ಕ ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ, "ಅಮ್ಮನ ಮಿಡಿ ಉಪ್ಪಿನಕಾಯಿ ಜಾಡಿ ತೊಳೆದ ನೀರು ಇದಕ್ಕಿಂತ ಚೆನ್ನಾಗಿರುತ್ತೆ" ಅಂದಳು. ಅಂದವಳೇ ಲೋಟ ಖಾಲಿ ಮಾಡಿದಳು.

ಆಮೇಲೆ ಚಿ ಕೋಫ್ತೆ. ಹೆಸರು ಕೇಳಿ ಸಸ್ಯಾಹಾರಿಗಳು ದೂರ ಓಡುತ್ತಾರೆ. ಹಿಂದೆ ಹಸಿ ಮಾಂಸದಲ್ಲಿ ಮಾಡುತ್ತಿದ್ದದ್ದೂ ನಿಜ. ಈಗ ಅಂಗಡಿಯಲ್ಲಿ ಮಾರುವುದು ಮಾಂಸವಿಲ್ಲದ್ದು, ಬರೀ ಗೋಧಿ ನುಚ್ಚು, ಮೆಣಸಿನ ಪೇಸ್ಟು, ಮಸಾಲೆ ಹಾಕಿ ನಾದಿದ್ದು. ಅದನ್ನು ತೆಳ್ಳನೆ ರೊಟ್ಟಿಗೆ ಸವರಿ, ಸೊಪ್ಪು ಹಾಕಿ, ದಾಳಿಂಬೆ ಹುಳಿ ಸುರಿದು ಸುತ್ತಿ ಕೊಡುತ್ತಾರೆ. ಈ ಊರಲ್ಲಿ ನಾಲಿಗೆಗೆ ಖಾರ ಅಂತ ತಾಗಿದ್ದು ಇದೊಂದೇ. ಇದು ಮೊದಲೇ ಗೊತ್ತಿದ್ದರೆ ಅಷ್ಟೊಂದು ಬೇಳೆ ಸೂಪು ಕುಡಿಯಬೇಕಿರಲಿಲ್ಲ ಅಲ್ವಾ ಅಂತ ಅಕ್ಕನ ದೂರು.

ಕಾಡಿಕೊಯ್‌ನಿಂದ ಬಸ್ಸಿನಲ್ಲಿ ಉಸ್ಕುದಾರ್‌ಗೆ. ದಡದ ಮೆಟ್ಟಿಲ ಮೇಲೆ ಕೂತು, ನೀರಿನ ಮಧ್ಯೆ ಒಂಟಿಯಾಗಿರುವ ಕಿಜ್ ಕುಲೆಸಿ ಗೋಪುರ ನೋಡಿದೆವು. ಅದರ ಬಗ್ಗೆ ಹಾವು ಕಚ್ಚಿದ ರಾಜಕುಮಾರಿಯ ಕಥೆಯಿದೆ. ಹಣ್ಣಿನ ಬುಟ್ಟಿಯಲ್ಲಿ ಹಾವು ಬರುತ್ತದೆ ಅಂದಾಗ ನಮಗೆ ಪರೀಕ್ಷಿತ ರಾಜನೇ ಎದುರಿಗೆ ಬಂದು ನಿಂತ.

ವಾಪಸ್ ಬರಲು ಅಕ್ಕ ಆರಿಸಿದ್ದು ಮರ್ಮರಾಯ್ ರೈಲು. ಸಮುದ್ರದ ಕೆಳಗೆ ಹೋಗುವುದಲ್ವಾ, ಚಾರ್ಜು ಜಾಸ್ತಿ ಇರುತ್ತೆ, ಕಾರ್ಡು ಬೇಗ ಖಾಲಿಯಾಗುತ್ತೆ ಅಂತ ಅವಳ ಲೆಕ್ಕ. 2013ರ ಅಕ್ಟೋಬರ್ 29ರಂದು ಶುರುವಾದ ದಾರಿ ಇದು. ಇನ್ನೂ ಮುಂಚೆಯೇ ಆಗಬೇಕಿತ್ತು. ಯೆನಿಕಾಪಿಯಲ್ಲಿ ನೆಲ ಅಗೆದಾಗ ಬೈಜಾಂಟೈನ್ ಕಾಲದ ಬಂದರು ಸಿಕ್ಕಿತು, ಮಣ್ಣಿನಡಿಯಿಂದ ಒಂದರ ಹಿಂದೊಂದು 37 ಹಡಗು ಎದ್ದುಬಂದವು. ಕೆಲಸ ವರ್ಷಗಟ್ಟಲೆ ತಡವಾಯಿತು. ನಮ್ಮೂರಲ್ಲಿ ಮೆಟ್ರೊ ತಡವಾಗುವುದಕ್ಕೆ ಇಷ್ಟು ಚೆಂದದ ಕಾರಣ ಒಂದಾದರೂ ಇದೆಯೇ? ರೈಲು ಬಾಸ್ಫರಸ್ ಜಲಸಂಧಿ ದಾಟಿದ್ದು ನಾಲ್ಕೈದು ನಿಮಿಷದಲ್ಲಿ. ಏಷ್ಯಾ ಮುಗಿದು ಯುರೋಪ್ ಬಂದದ್ದು ಕಪ್ಪು ಕಿಟಕಿಯಲ್ಲಿ ನಮ್ಮದೇ ಮುಖ ನೋಡುತ್ತಾ. ಸಿರ್ಕೆಜಿಯಲ್ಲಿ ಇಳಿದರೆ ಎಸ್ಕಲೇಟರ್ ಮೇಲೆ ಎಸ್ಕಲೇಟರ್, ಮೇಲಕ್ಕೆ ಬರುವುದಕ್ಕೇ ಸಮುದ್ರ ದಾಟಿದಷ್ಟು ಹೊತ್ತು.

ಅಲ್ಲೊಂದು ತಮಾಷೆ. ಮರ್ಮರಾಯ್‌ನಲ್ಲಿ ಹತ್ತುವಾಗ ಪೂರ್ತಿ ದೂರದ ದುಡ್ಡು ಹಿಡಿದುಕೊಳ್ಳುತ್ತಾರೆ. ಇಳಿದ ಮೇಲೆ ಗೇಟಿನಾಚೆಯ ಮಷೀನಿಗೆ ಕಾರ್ಡು ತೋರಿಸಿದರೆ, ಹೋಗದ ದೂರದ ದುಡ್ಡು ವಾಪಸ್ ಬರುತ್ತದೆ. ಎಷ್ಟೋ ಪ್ರವಾಸಿಗರು ಗೊತ್ತಿಲ್ಲದೆ ಹಾಗೇ ಹೋಗಿಬಿಡುತ್ತಾರೆ. ಅಕ್ಕ ಬಿಡುವವಳಲ್ಲ. ಒತ್ತಿದಳು. ಬ್ಯಾಲೆನ್ಸು ಏರಿತು.

"ಖರ್ಚು ಮಾಡೋಣ ಅಂತ ಬಂದ್ರೆ ವಾಪಸ್ ಕೊಡ್ತಾರಲ್ಲೇ ಇವ್ರು!"

"ಯಾಕೆ ಒತ್ತಿದೆ ಮತ್ತೆ?"

"ನಮ್ಮ ದುಡ್ಡು ಬಿಡೋಕಾಗುತ್ತಾ?"

ಹಾಗಾಗಿ ಮತ್ತೆ ಎಮಿನೋನು, ಮತ್ತೆ ಉಸ್ಕುದಾರ್ ದೋಣಿ, ಆಚೆ ದಡದಲ್ಲಿ ಇಳಿದು ಮುಂದಿನ ದೋಣಿಗೆ ವಾಪಸ್. ಸುಮ್ನೆ. ಕೆಲಸವಿಲ್ಲದೆ ಖಂಡ ದಾಟುವ ಸುಖವೇ ಬೇರೆ.

ಸಾಮಾನು ಎತ್ತಿಕೊಂಡು ಮೆಟ್ರೊದಲ್ಲೇ ಏರ್‌ಪೋರ್ಟಿಗೆ ಹೊರಟೆವು. ಯೆನಿಕಾಪಿಯಲ್ಲಿ ಬದಲಾಯಿಸಿದ ಮೇಲೆ ರೈಲು ಸುರಂಗದಿಂದ ಹೊರಬಂದು ಗೋಲ್ಡನ್ ಹಾರ್ನ್ ಸೇತುವೆ ಏರುತ್ತದೆ. ನಿಲ್ದಾಣವೇ ಸೇತುವೆಯ ಮೇಲಿದೆ. ಸುಲೇಮಾನಿಯೆ ಮಸೀದಿಯ ನೋಟ ಹಾಳಾಗುತ್ತದೆ ಅಂತ ಯುನೆಸ್ಕೊ ತಕರಾರು ತೆಗೆದು, ಸೇತುವೆಯ ಕಂಬಗಳನ್ನು ಗಿಡ್ಡ ಮಾಡಬೇಕಾಯಿತು. 1557ರಲ್ಲಿ ಆಟೊಮನ್ನರ ವಾಸ್ತುಶಿಲ್ಪಿ ಸಿನಾನ್ ಕಟ್ಟಿ ಮುಗಿಸಿದ ಮಸೀದಿ ಅದು. ಸಾವಿರಾರು ಎಣ್ಣೆದೀಪಗಳ ಹೊಗೆ ಗಾಳಿಯ ಜೊತೆ ಒಂದೇ ಕೋಣೆಗೆ ಹೋಗುವಂತೆ ಮಾಡಿ, ಅಲ್ಲಿ ಕೂತ ಮಸಿಯಿಂದ ಬರೆಯುವ ಶಾಯಿ ಮಾಡಿಸುತ್ತಿದ್ದ ಅಂತ ಹೇಳುತ್ತಾರೆ. ಏನೂ ದಂಡವಾಗಬಾರದು ಅನ್ನುವ ಮನುಷ್ಯ. ಅಕ್ಕನಿಗೆ ಅವನು ತುಂಬ ಹಿಡಿಸಿದ.

ಏರ್‌ಪೋರ್ಟಿನ ಒಳಗೆ ಬೋರ್ಡಿಂಗ್ ಪಾಸ್ ಹಿಡಿದು ಒಂದು ಕಾಫಿ ಅಂಗಡಿಯ ಮುಂದೆ ನಿಂತೆವು. ಅಕ್ಕ ಬೆಲೆಯ ಪಟ್ಟಿಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದಿದಳು. ಫೋನಿನಲ್ಲಿ ಏನೋ ಭಾಗಾಕಾರ ಮಾಡಿದಳು.

"ಒಂದು ಚಹಾದ ದುಡ್ಡಿಗೆ ಎಷ್ಟು ಸಲ ಏಷ್ಯಾಗೆ ಹೋಗಿಬರಬಹುದು ಗೊತ್ತೇನೇ?" ಅಂದು ಬಾಟಲಿ ಹಿಡಿದು ನೀರಿನ ನಲ್ಲಿ ಹುಡುಕುತ್ತಾ ಹೊರಟಳು. ನಾನು ಚಹಾ ತಗೊಂಡೆ. ಅರ್ಧ ಅವಳೇ ಕುಡಿದಳು.