1955ರ ವಾಲ್ವ್ ರೇಡಿಯೋ ರಿಪೇರಿ: ಆರನೇ ವಾರದ ತನಕ

ಹೋದ ಸಲ ಬರೆದಾಗ ರೇಡಿಯೋ ಇನ್ನೂ ಮೂಕವಾಗಿತ್ತು, ಈಗ ಮಾತಾಡ್ತಿದೆ! ಆದ್ರೆ ಮಧ್ಯದಲ್ಲಿ ಏನೇನಾಯ್ತು ಅಂತ ಮರೆಯೋಕೆ ಮುಂಚೆ ಬರೆದಿಡ್ತೀನಿ, ಯಾಕಂದ್ರೆ ರಿಪೇರಿಗಿಂತ ಜಾಸ್ತಿ ಟೈಮ್ ಆ ವರ್ಷದ ಹಿಂದೆ ಬಿದ್ದು ಓದೋದ್ರಲ್ಲೇ ಹೋಯ್ತು.

ಹೊಸಬರಿಗೆ ಎರಡು ಮಾತು. ಇಲ್ಲಿ ನ್ಯೂಜೆರ್ಸಿಲಿ ವಯಸ್ಸಾದವರ ಮನೆಯೊಂದನ್ನ ಖಾಲಿ ಮಾಡೋವಾಗ ಸಾಮಾನೆಲ್ಲ ಮಾರ್ತಿದ್ರು, ಅಲ್ಲಿ 20 ಡಾಲರ್ ಕೊಟ್ಟು ತಂದ ಮರೂನ್ ಬಣ್ಣದ ಬೇಕಲೈಟ್ ಡಬ್ಬ ಇದು. ಓಡುತ್ತೆ ಅಂತ ಚೀಟಿ ಅಂಟಿಸಿದ್ರು, ಮನೆಗೆ ತಂದು ನೋಡಿದ್ರೆ ಒಂದು ವಾಲ್ವಿನ (ಬಲ್ಬಿನಂಥ ಗಾಜಿನ ಕೊಳವೆ) ಫಿಲಮೆಂಟೇ, ಅಂದ್ರೆ ಒಳಗೆ ಬಿಸಿಯಾಗೋ ಹೀಟರ್ ತಂತಿನೇ, ಕಟ್ ಆಗಿತ್ತು. ಈ ಥರ ಸೆಟ್‌ನಲ್ಲಿ ಒಂದು ಹೋದ್ರೆ ಐದೂ ಹೋದಂಗೆ, ನಮ್ಮ ಗಣೇಶನ ಪೆಂಡಾಲಿನ ಸೀರಿಯಲ್ ಸೆಟ್ ಇದ್ದಂಗೆ. ವಾಲ್ವ್ ಹೆಸರಿನ ಮೊದಲ ನಂಬರೇ ಅದರ ಹೀಟರ್ ವೋಲ್ಟೇಜು: 12ಬಿಇ6, 12ಬಿಎ6, 12ಎವಿ6, 50ಸಿ5, 35ಡಬ್ಲ್ಯೂ4, ಎಲ್ಲಾ ಕೂಡಿ ನೋಡಿ, 121 ಬರುತ್ತೆ. ಅಂದ್ರೆ ಗೋಡೆ ಪ್ಲಗ್ಗಿನ ವೋಲ್ಟೇಜನ್ನ ಐದು ಜನ ಹಂಚ್ಕೊಂಡು ಮುಗಿಸಿಬಿಡ್ತಾರೆ, ಟ್ರಾನ್ಸ್‌ಫಾರ್ಮರೇ ಬೇಡ, ಸೆಟ್ ಅಗ್ಗ ಆಯ್ತು, ಅದಕ್ಕೇ ಅಮೆರಿಕದ ಅಡುಗೆಮನೆ ಅಡುಗೆಮನೆಗೂ ಹೋಯ್ತು. ಅಪಾಯನೂ ಅಲ್ಲೇ ಇದೆ, ಒಳಗಿನ ಲೋಹದ ಚೌಕಟ್ಟಿಗೇ (ಚಾಸಿ) ಮೇನ್ಸ್ ಕರೆಂಟ್ ಬರಬಹುದು. ಸೆಟ್ಟನ್ನ ಮೇನ್ಸಿಂದ ಬೇರೆ ಮಾಡೋ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ದೆ ದಯವಿಟ್ಟು ಯಾರೂ ಕೈ ಹಾಕ್ಬೇಡಿ.

ಎರಡನೇ ವಾರ ವರ್ಷ ಪತ್ತೆ ಹಚ್ಚಿದ್ದು. ಡಯಲ್ ಮೇಲಿನ ಜಿಡ್ಡು ಹತ್ತಿ ಅದ್ದಿ ಅದ್ದಿ ಒರೆಸ್ತಾ ಇದ್ದೆ, 640 ಇರೋ ಜಾಗದಲ್ಲಿ ಒಂದು ಪುಟ್ಟ ವೃತ್ತ, ಅದರೊಳಗೆ ತ್ರಿಕೋನ ಕಾಣಿಸ್ತು, ಆಮೇಲೆ 1240ರ ಹತ್ರ ಇನ್ನೊಂದು. ಮಗಳು ಇದೇನಪ್ಪಾ ಅಂದ್ಲು. ಕಾನೆಲ್‌ರಾಡ್ ಗುರುತು ಅದು. ರಷ್ಯದ ಬಾಂಬರ್ ವಿಮಾನ ಬಂದ್ರೆ ಊರಿನ ರೇಡಿಯೋ ಸ್ಟೇಷನ್ ಸಿಗ್ನಲ್ಲನ್ನೇ ದಾರಿದೀಪ ಮಾಡ್ಕೊಂಡು ಬರಬಾರ್ದು ಅಂತ ಎಲ್ಲಾ ಸ್ಟೇಷನ್ ಬಂದ್ ಮಾಡಿ ಈ ಎರಡೇ ಫ್ರೀಕ್ವೆನ್ಸಿಲಿ ಜನಕ್ಕೆ ಸೂಚನೆ ಕೊಡೋ ಏರ್ಪಾಟು. 1953ರಿಂದ 1963ರ ತನಕ ಅಲ್ಲಿ ಮಾರೋ ರೇಡಿಯೋಗಳಿಗೆಲ್ಲ ಈ ಗುರುತು ಹಾಕ್ಲೇಬೇಕಿತ್ತು. ಸ್ಪೀಕರ್ ಹಿಂದೆ ಒತ್ತಿದ್ದ ಕೋಡ್‌ನ ಕೊನೇ ಮೂರು ಅಂಕಿ 524. ಮೊದಲನೇದು ವರ್ಷದ ಕೊನೇ ಅಂಕಿ, ಉಳಿದೆರಡು ವಾರ. ಬರೀ 5 ಅಂದ್ರೆ 1945 ಕೂಡ ಇರಬಹುದಿತ್ತು, ಆದ್ರೆ ತ್ರಿಕೋನ ಇರೋದ್ರಿಂದ 1955ನೇ, 24ನೇ ವಾರ, ಜೂನ್ ಮಧ್ಯ.

ಅದೇ ವಾರ, ಜೂನ್ 15ಕ್ಕೆ, ಆಪರೇಷನ್ ಅಲರ್ಟ್ ಅಂತ ದೇಶದ ಹತ್ತಾರು ಊರಲ್ಲಿ ಅಣುಬಾಂಬ್ ಡ್ರಿಲ್ ಆಗಿತ್ತು! ಸೈರನ್ ಹೊಡೀತಿದ್ದಂಗೆ ರಸ್ತೆ ಖಾಲಿ ಮಾಡ್ಬೇಕು, ಅಧ್ಯಕ್ಷ ಐಸೆನ್‌ಹೋವರ್ ಕೂಡ ವಾಷಿಂಗ್ಟನ್ ಬಿಟ್ಟು ಹೊರಗೆ ಹೋಗಿದ್ರು. ನ್ಯೂಯಾರ್ಕಿನ ಸಿಟಿ ಹಾಲ್ ಪಾರ್ಕ್‌ನಲ್ಲಿ ಶಾಂತಿ ಹೋರಾಟಗಾರ್ತಿ ಡೊರೊತಿ ಡೇ ಮತ್ತೆ ಜೊತೆಗಾರರು ಒಳಗೆ ಹೋಗಲ್ಲ ಅಂತ ಬೆಂಚ್ ಮೇಲೇ ಕೂತು ಅರೆಸ್ಟ್ ಆದ್ರು. ಈ ಸ್ಪೀಕರ್ ಮಾಡಿದವರು ಆ ದಿನ ಸೈರನ್ ಕೇಳಿದ್ರೋ ಏನೋ, ಅದನ್ನ ಕೈಲಿ ಹಿಡ್ಕೊಂಡು ತುಂಬಾ ಹೊತ್ತು ಕೂತಿದ್ದೆ.

ಅಲ್ಲಿಂದ ಶುರು ಆಯ್ತು ಗೋಡೆ ಚಾರ್ಟು. ಈ ರೇಡಿಯೋ ಹುಟ್ಟಿದ ವರ್ಷ ಜನ ಏನೇನು ಕೇಳಿರ್ತಾರೆ ಅಂತ ನಾನು ಮಗಳು ಸೇರಿ ಚೀಟಿ ಬರೆದು ವರ್ಕ್‌ಬೆಂಚ್ ಮೇಲ್ಗಡೆ ಅಂಟಿಸ್ತಿದೀವಿ, ತಿಂಗಳಿಗೊಂದು ಸಾಲು. ಜನವರಿ 7, ಮೆಟ್ರೊಪಾಲಿಟನ್ ಆಪೆರಾದಲ್ಲಿ ಮರಿಯನ್ ಆಂಡರ್ಸನ್ ಹಾಡಿದ್ದು, ಅಲ್ಲಿ ಆಪೆರಾ ಪಾತ್ರವೊಂದನ್ನ ಹಾಡಿದ ಮೊದಲ ಕಪ್ಪು ಗಾಯಕಿ. ಏಪ್ರಿಲ್ 12, ಪೋಲಿಯೋ ಲಸಿಕೆ ಕೆಲಸ ಮಾಡುತ್ತೆ ಅಂತ ಮಿಷಿಗನ್ನಿಂದ ಸುದ್ದಿ ಬಂದಿದ್ದು. ಏಪ್ರಿಲ್ 18, ಐನ್‌ಸ್ಟೈನ್ ತೀರ್ಕೊಂಡಿದ್ದು, ನಮ್ಮ ರಾಜ್ಯದ ಪ್ರಿನ್ಸ್‌ಟನ್‌ನಲ್ಲೇ. ಜುಲೈ 17, ಡಿಸ್ನಿಲ್ಯಾಂಡ್ ಶುರುವಾಗಿದ್ದು. ಬೆಲೆಗಳಿಗೆ ಹಳದಿ ಚೀಟಿ: ಅಂಚೆಗೆ 3 ಸೆಂಟು, ನ್ಯೂಯಾರ್ಕ್ ಸಬ್‌ವೇಗೆ 15 ಸೆಂಟು, ಕನಿಷ್ಠ ಕೂಲಿ ಗಂಟೆಗೆ 75 ಸೆಂಟು. ಆಗಷ್ಟೇ ಬಂದಿದ್ದ ಮೊದಲ ಟ್ರಾನ್ಸಿಸ್ಟರ್ ರೇಡಿಯೋ ರೀಜೆನ್ಸಿ ಟಿಆರ್-1ಗೆ 49.95 ಡಾಲರ್, ಅಂದ್ರೆ ಆ ಕೂಲೀಲಿ 66 ಗಂಟೆ ದುಡಿದ್ರೂ ಇನ್ನೂ ಸ್ವಲ್ಪ ಬಾಕಿ, ನನ್ನ ಈ ಡಬ್ಬದಂಥವು ಯಾಕೆ ಇನ್ನೂ ಮಾರಾಟ ಆಗ್ತಿದ್ವು ಅಂತ ಆಗ ಅರ್ಥ ಆಯ್ತು.

ಸೆಪ್ಟೆಂಬರ್ ಸಾಲಿಗೆ ಬಂದಾಗ ಜಾಗನೇ ಸಾಲ್ಲಿಲ್ಲ. ಎಮ್ಮೆಟ್ ಟಿಲ್ ಅನ್ನೋ 14 ವರ್ಷದ ಕಪ್ಪು ಹುಡುಗನ್ನ ಆಗಸ್ಟ್ 28ಕ್ಕೆ ಮಿಸಿಸಿಪ್ಪಿಲಿ ಕೊಂದಿದ್ರು, ಆ ತಾಯಿ ಶಿಕಾಗೋದಲ್ಲಿ ಮಗನ ಪೆಟ್ಟಿಗೆ ಮುಚ್ಚೋಕೆ ಬಿಡ್ಲಿಲ್ಲ, ಎಲ್ಲರೂ ನೋಡ್ಲಿ ಅಂದ್ಲು. ಸೆಪ್ಟೆಂಬರ್ 23ಕ್ಕೆ ಜ್ಯೂರಿ ಒಂದು ಗಂಟೆ ಏಳು ನಿಮಿಷದಲ್ಲಿ ಬಿಳಿಯ ಆರೋಪಿಗಳನ್ನ ಬಿಟ್ಬಿಡ್ತು. ಮಾರನೇ ದಿನ ಐಸೆನ್‌ಹೋವರ್‌ಗೆ ಡೆನ್ವರ್‌ನಲ್ಲಿ ಹಾರ್ಟ್ ಅಟ್ಯಾಕ್. 28ಕ್ಕೆ ಬೇಸ್‌ಬಾಲಿನ ಫೈನಲ್ ಸರಣಿ ವರ್ಲ್ಡ್ ಸೀರೀಸ್‌ನ ಮೊದಲ ಮ್ಯಾಚ್, ಬ್ರೂಕ್ಲಿನ್ ಡಾಡ್ಜರ್ಸ್ ಟೀಮಿನ ಕಪ್ಪು ಆಟಗಾರ ಜ್ಯಾಕಿ ರಾಬಿನ್ಸನ್ ಹೋಮ್ ಸ್ಟೀಲ್ ಮಾಡಿದ್ದು (ಬಾಲ್ ಎಸೆಯೋವಾಗಲೇ ಓಡಿ ರನ್ ಕದಿಯೋದು) ಅವತ್ತೇ. ಜ್ಯೂರಿ ಚೀಟಿಗೂ ಜ್ಯಾಕಿ ಚೀಟಿಗೂ ಮಧ್ಯ ಬರೀ ಐದು ದಿನ, ಇದೇ ಸ್ಪೀಕರಲ್ಲಿ ಎರಡೂ ಬಂದಿರುತ್ತೆ, ಒಂದೇ ಅಡುಗೆಮನೇಲಿ ಕೂತು ಎರಡೂ ಕೇಳಿರ್ತಾರೆ. ಮಗಳು ಆ ಎರಡು ಚೀಟಿ ಮಧ್ಯ ಬೇರೆ ಏನೂ ಅಂಟಿಸೋಕೆ ಬಿಡ್ತಿಲ್ಲ, ಐಸೆನ್‌ಹೋವರ್ ಚೀಟಿ ಕೆಳಗಡೆ ಹೋಗಿದೆ.

ಇನ್ನೊಂದು ಜಗಳ ಡಿಸೆಂಬರ್ ಬಗ್ಗೆ. ನಾನು ರೋಸಾ ಪಾರ್ಕ್ಸ್ ಚೀಟಿ ಬರೆದೆ, ಡಿಸೆಂಬರ್ 1, ಮಾಂಟ್ಗೊಮರಿ ಬಸ್ಸಲ್ಲಿ ಬಿಳಿಯರಿಗೆ ಸೀಟ್ ಬಿಟ್ಟುಕೊಡದ ಕಪ್ಪು ಮಹಿಳೆ, 10 ಡಾಲರ್ ದಂಡ 4 ಡಾಲರ್ ಕೋರ್ಟ್ ಖರ್ಚು, ಆಮೇಲೆ 381 ದಿನ ಬಸ್ ಬಹಿಷ್ಕಾರ. ಮಗಳು ಹುಡುಕಿ ಹುಡುಕಿ ಮಾರ್ಚ್ ಸಾಲಿಗೆ ಕ್ಲಾಡೆಟ್ ಕಾಲ್ವಿನ್ ಚೀಟಿ ತಂದ್ಲು, ಮಾರ್ಚ್ 2, ಅದೇ ಊರು, ಅದೇ ಕಾರಣ, ಸೀಟಿಂದ ಏಳಲ್ಲ ಅಂದಿದ್ದಕ್ಕೆ ಪೊಲೀಸ್ ಎಳ್ಕೊಂಡು ಹೋಗಿದ್ದು. ವಯಸ್ಸು 15. ನನ್ನ ಮಗಳಿಗೂ ಈಗ 15. ಅವಳ ಹೆಸರು ಯಾಕಪ್ಪಾ ಸ್ಕೂಲಲ್ಲಿ ಹೇಳ್ಲಿಲ್ಲ ಅಂತ ಕೇಳಿದ್ಲು, ನನಗೂ ಇಷ್ಟು ವರ್ಷ ಗೊತ್ತಿರ್ಲಿಲ್ಲ. ಮಾರ್ಚ್ ಸಾಲಲ್ಲಿ ಅದೇ ದೊಡ್ಡ ಚೀಟಿ ಈಗ.

ನಾಲ್ಕನೇ, ಐದನೇ ವಾರ ಬರೀ ಬೆಸುಗೆ. ಮೇಣದ ಕಾಗದದ ಹಳೇ ಕೆಪಾಸಿಟರ್ ಎಲ್ಲಾ ತೆಗೆದೆ, ಬೆಸುಗೆ ಕಡ್ಡಿ ತಾಗಿದ ಕಡೆ ಮೇಣ ಕರಗಿ ಕಂದು ಹನಿಯಾಗಿ ಬೆಂಚ್ ಮೇಲೆ ಬೀಳ್ತಿತ್ತು, ಆರಿದ ದೀಪದ ಬತ್ತಿ ವಾಸನೆ. ಮುಖ್ಯವಾದದ್ದು 50ಸಿ5ರ ಗ್ರಿಡ್‌ಗೆ ಹೋಗೋದು, ಅದು ಲೀಕ್ ಆದ್ರೆ ವಾಲ್ವ್ ಮಿತಿಮೀರಿ ಕರೆಂಟ್ ಎಳೆದು ಸುಟ್ಟೋಗುತ್ತೆ. ಫಿಲ್ಟರ್‌ಗೆ 47 ಮೈಕ್ರೋಫ್ಯಾರಡ್ 160 ವೋಲ್ಟಿನ ಕೆಪಾಸಿಟರ್ ಹಾಕಿದೆ. ಸ್ಪೀಕರ್ ಪೇಪರ್ ಹರಿದ ಕಡೆ ಟಿಶ್ಯೂ ಮತ್ತೆ ಬಿಳಿ ಗಮ್. ವಾಲ್ಯೂಮ್‌ಗೆ ಕಾಂಟ್ಯಾಕ್ಟ್ ಕ್ಲೀನರ್, ಅಷ್ಟೇ.

ಹೋದ ಶನಿವಾರ ಸಾಯಂಕಾಲ ಮೊದಲ ಸಲ ಪವರ್ ಕೊಟ್ಟಿದ್ದು, 60 ವ್ಯಾಟ್ ಬಲ್ಬ್ ಸೀರೀಸಲ್ಲಿ ಹಾಕಿ. ಬಲ್ಬ್ ಒಂದು ಸಲ ಜೋರಾಗಿ ಹತ್ತಿ ಮೆಲ್ಲಗೆ ಇಳೀತು, ಶಾರ್ಟ್ ಇಲ್ಲ ಅಂತ ಜೀವ ಬಂತು. ವಾಲ್ವ್‌ಗಳು ಕೆಂಡದ ಬಣ್ಣಕ್ಕೆ ತಿರುಗಿದ್ವು, ಅರ್ಧ ನಿಮಿಷ ಬರೀ ಮೌನ. ಆಮೇಲೆ ಸಣ್ಣ ಗುಂಯ್ ಅಂತ ಶಬ್ದ, ಡಯಲ್ ತಿರುಗಿಸ್ತಾ ಹೋದ್ರೆ 710ರಲ್ಲಿ ಒಬ್ಬರು ಮಾತಾಡ್ತಿದ್ರು!

ಪಕ್ಕದ ಮನೆ ಅಜ್ಜ ಅವತ್ತೇ ಬಂದ್ರು, ನಾನೇ ಕರೆದಿದ್ದೆ. ಅವರು ಬ್ರೂಕ್ಲಿನ್‌ನಲ್ಲಿ ಬೆಳೆದವರು, 1955ರಲ್ಲಿ ಒಂಬತ್ತು ವರ್ಷ. 710 ಅಂದ್ರೆ ಡಬ್ಲ್ಯೂಓಆರ್, 1934ರಲ್ಲಿ ಮ್ಯೂಚುಯಲ್ ಅನ್ನೋ ರೇಡಿಯೋ ನೆಟ್‌ವರ್ಕ್ ಕಟ್ಟಿದ ನಾಲ್ಕು ಸ್ಟೇಷನ್‌ಗಳಲ್ಲಿ ಒಂದು, ಆ ವರ್ಷದ ವರ್ಲ್ಡ್ ಸೀರೀಸ್ ರೇಡಿಯೋದಲ್ಲಿ ಬಂದಿದ್ದು ಅದೇ ನೆಟ್‌ವರ್ಕಿಂದ. ಅಜ್ಜನ ಊರಿನ ಟೀಮ್ ಡಾಡ್ಜರ್ಸ್ ಅದಕ್ಕೆ ಮುಂಚೆ ವರ್ಲ್ಡ್ ಸೀರೀಸಲ್ಲಿ ಐದು ಸಲ ನ್ಯೂಯಾರ್ಕಿನ ಇದೇ ಯಾಂಕೀಸ್ ಟೀಮ್ ಕೈಲಿ ಸೋತಿದ್ರು. ಅಕ್ಟೋಬರ್ 4, ಏಳನೇ ಮ್ಯಾಚ್, ಡಾಡ್ಜರ್ಸ್ ಕಡೆ 23 ವರ್ಷದ ಜಾನಿ ಪೋಡ್ರೆಸ್ ಪಿಚಿಂಗ್ (ನಮ್ಮ ಬೌಲಿಂಗ್ ಥರ), 2-0ರಿಂದ ಗೆದ್ರು. ಆರನೇ ಇನ್ನಿಂಗ್ಸಲ್ಲಿ ಸ್ಯಾಂಡಿ ಅಮೊರೊಸ್ ಲೆಫ್ಟ್ ಫೀಲ್ಡಿನ ಮೂಲೆಗೆ ಓಡಿ ಕೈ ಚಾಚಿ ಹಿಡಿದ ಕ್ಯಾಚನ್ನ ಅಜ್ಜ ಎದ್ದು ನಿಂತು ಮಾಡಿ ತೋರಿಸಿದ್ರು, ಬಲಗೈ ಉದ್ದಕ್ಕೆ ಚಾಚಿ, ಅಮೊರೊಸ್ ಎಡಗೈಲಿ ಎಸೆಯೋನು, ಅದಕ್ಕೇ ಗ್ಲೌಸ್ ಬಲಗೈಲಿತ್ತು, ಬೇರೆಯವನಾಗಿದ್ರೆ ಸಿಗ್ತಿರ್ಲಿಲ್ಲ ಅಂದ್ರು. ಎರಡು ವರ್ಷ ಆದ್ಮೇಲೆ ಟೀಮ್ ಲಾಸ್ ಏಂಜಲಿಸ್‌ಗೆ ಹೋಗಿಬಿಡ್ತು, ಅದರ ಬಗ್ಗೆ ಅವರು ಮಾತಾಡೋಕೆ ಇಷ್ಟ ಪಡ್ಲಿಲ್ಲ.

ಬಾಕಿ ಕೆಲಸ: ಡಯಲ್ ದಾರ ಜಾರ್ತಿದೆ, 1240ರಿಂದ ಆಚೆ ಮುಳ್ಳು ಹೋಗಲ್ಲ, ಹೊಸ ದಾರ ಆರ್ಡರ್ ಮಾಡಿದೀನಿ. ಬೇಕಲೈಟ್ ಪಾಲಿಶ್ ಅರ್ಧ ಆಗಿದೆ. ಅಜ್ಜ ಅಕ್ಟೋಬರ್ ಚೀಟಿ ತಮ್ಮ ಕೈಯ್ಯಾರೆ ಬರೀತೀನಿ ಅಂದಿದಾರೆ, ಭಾನುವಾರ ಬರ್ತಾರೆ.